ನೀರು ಕುಡಿಯದ ಮೂರು ದಿನ

2017ರ ಮಾರ್ಚ್ 19, ಭಾನುವಾರ ರಾತ್ರಿ ಕೊಪ್ಪಳದಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತುವಾಗ ನನ್ನ ಚೀಲದಲ್ಲಿ ಇದ್ದದ್ದು ಇಷ್ಟು: ಇಪ್ಪತ್ತು ಖಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ, ಒಂದು ಟವೆಲ್, ಆಧಾರ್ ಕಾರ್ಡಿನ ಜೆರಾಕ್ಸ್, ಮುನ್ನೂರೈವತ್ತು ರೂಪಾಯಿ. ಇನ್ನೊಂದು ಸೀರೆ ಇರಲಿಲ್ಲ, ಹೊದಿಕೆ ಇರಲಿಲ್ಲ. ನೀರಿನ ಬಾಟಲಿ ಒಂದಿತ್ತು, ಅರ್ಧ ಲೀಟರಿನದು. ಅದು ರೈಲಿನಲ್ಲೇ ಮುಗಿಯಿತು. ಸೋಮವಾರ ಧರಣಿ ಕುಳಿತು, ಮನವಿ ಕೊಟ್ಟು, ರಾತ್ರಿ ರೈಲಿಗೆ ಹೊರಟುಬಿಡುತ್ತೇವೆ ಅಂತ ಮನೆಯಲ್ಲಿ ಹೇಳಿ ಬಂದಿದ್ದೆ. ಊರು ಮುಟ್ಟಿದ್ದು ಶುಕ್ರವಾರ.

ಈಗ ನಮ್ಮ ಕಡೆಯಿಂದ ಯಾರಾದರೂ ಬೆಂಗಳೂರಿಗೆ ಹೋರಾಟಕ್ಕೆ ಹೊರಟರೆ ಹಿಂದಿನ ದಿನ ನನಗೊಂದು ಫೋನ್ ಬರುತ್ತದೆ. ‘ಅಕ್ಕಾರ, ನಾಳೆ ಹೊಂಟೀವ್ರಿ, ಏನೇನ ತಗೊಂಡು ಹೋಗೂದು?’ ನಾನು ಮೊದಲು ಕೇಳುವುದು ದೊಡ್ಡ ಬಾಟಲಿ ಇಟ್ಟುಕೊಂಡಿದ್ದೀರಾ ಅಂತ. ಎಲ್ಲರೂ ಹೂಂ ಅನ್ನುತ್ತಾರೆ. ಆದರೆ ಬಾಟಲಿ ಇಟ್ಟುಕೊಳ್ಳುವುದೇ ಬೇರೆ, ನೀರು ಕುಡಿಯುವುದೇ ಬೇರೆ. ಅದನ್ನು ಫೋನಿನಲ್ಲಿ ಹೇಳಿ ಮುಗಿಸಲು ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆಗ ನಾನು ಅಂಗನವಾಡಿ ಕಾರ್ಯಕರ್ತೆಯಾಗಿ ಹದಿನಾಲ್ಕು ವರ್ಷವಾಗಿತ್ತು. ತಿಂಗಳಿಗೆ 6,000 ರೂಪಾಯಿ, ಸಹಾಯಕಿಗೆ 3,000. ಅದನ್ನು ಸಂಬಳ ಅನ್ನುವಂತಿಲ್ಲ, ಗೌರವಧನ. ಅಂಗನವಾಡಿ ಯೋಜನೆ ದೇಶದಲ್ಲಿ ಶುರುವಾದದ್ದು 1975ರ ಅಕ್ಟೋಬರ್ 2ರಂದು. ನಮ್ಮ ರಾಜ್ಯದಲ್ಲಿ ಟಿ. ನರಸೀಪುರದಿಂದ ಆರಂಭ. ಅಂದಿನಿಂದ ನಾವು ಗೌರವದ ಸೇವಕಿಯರು. ನಮ್ಮದು ಸರ್ಕಾರಿ ಹುದ್ದೆ ಅಲ್ಲ ಅಂತ 2006ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು. ಆದರೆ ಮಕ್ಕಳಿಗೆ ಹಾಲು ಕಾಯಿಸಿ ಕೊಡುವುದು, ತೂಕ ನೋಡುವುದು, ಬಸುರಿ ಬಾಣಂತಿಯರ ಲೆಕ್ಕ, ಚುಚ್ಚುಮದ್ದಿನ ದಿನ ಮನೆಮನೆ ತಿರುಗಿ ಕರೆತರುವುದು, ಪೋಲಿಯೊ, ಭಾಗ್ಯಲಕ್ಷ್ಮಿ ಅರ್ಜಿ, ಸ್ತ್ರೀಶಕ್ತಿ ಸಂಘ, ಮತದಾರರ ಪಟ್ಟಿ ಎಲ್ಲ ನಮ್ಮ ಹೆಗಲಿಗೇ. ಆ ಮಾರ್ಚ್ 15ರ ಬಜೆಟ್ಟಿನಲ್ಲಿ ನಮಗೆ ಒಂದು ಸಾವಿರ, ಸಹಾಯಕಿಯರಿಗೆ ಐನೂರು ಏರಿಸಿದರು. ಪಕ್ಕದ ತೆಲಂಗಾಣದಲ್ಲಿ ಅದೇ ಹೊತ್ತಿಗೆ 10,500 ಮಾಡಿದ್ದರು. ನಾವು ಕೇಳುತ್ತಿದ್ದದ್ದು ಹತ್ತು ಸಾವಿರ. ನಮ್ಮ ನೌಕರರ ಸಂಘ ಬೆಂಗಳೂರಿಗೆ ಕರೆ ಕೊಟ್ಟಿತು.

ನನ್ನ ಜೊತೆ ಬಂದವರಲ್ಲಿ ಒಬ್ಬಾಕೆ ನಮ್ಮ ಕೇಂದ್ರದ ಸಹಾಯಕಿ. ಐವತ್ತಾರು ವಯಸ್ಸು. ಊರೆಲ್ಲ ಆಕೆಯನ್ನು ದೊಡ್ಡವ್ವ ಅಂತಲೇ ಕರೆಯುವುದು, ಅಂಗನವಾಡಿಯ ಮಕ್ಕಳೂ ಸಹ. ಮಂಡಿ ನೋವು ಬೇರೆ ಇತ್ತು. ಬರಬೇಡ ಅಂದೆ. ‘ಮೂರು ಸಾವಿರ ನಿಂದಲ್ಲ, ನಂದು. ನಾನ ಹೋಗಿ ಕೇಳಬೇಕು’ ಅಂದಳು. ಹೊರಡುವ ಮೊದಲು ಮೇಲ್ವಿಚಾರಕಿಗೆ ಬಾಯಿಮಾತಿನಲ್ಲಿ ಹೇಳಿ ಬಂದೆವು. ಅದು ತಪ್ಪಾಯಿತು. ರಜೆಯ ಅರ್ಜಿ ಎರಡು ಪ್ರತಿ ಬರೆದು, ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ತಲುಪಿದೆ ಅಂತ ಸಹಿ ಹಾಕಿಸಿಕೊಂಡು ಇಟ್ಟುಕೊಳ್ಳಬೇಕು. ಧರಣಿಯ ಎರಡನೆಯ ದಿನವೇ ಗೈರುಹಾಜರಿಗೆ ನೋಟಿಸಿನ ಮಾತು ಬಂದಾಗ ನಮ್ಮ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ.

ಸೋಮವಾರ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿದೆವು. ಸ್ಟೇಷನ್ನಿನ ಹೊರಗೆ ಎಲ್ಲಿ ನೋಡಿದರೂ ಹೆಂಗಸರೇ. ಬೀದರ್, ಕಲಬುರಗಿ, ಮಂಡ್ಯ, ಚಾಮರಾಜನಗರ, ಒಂದೊಂದು ಗುಂಪಿನ ಮಾತು ಒಂದೊಂದು ತರಹ. ಅಲ್ಲಿಂದ ಮೆರವಣಿಗೆಯಲ್ಲಿ ಆನಂದರಾವ್ ವೃತ್ತದ ಕಡೆಯಿಂದ ಫ್ರೀಡಂ ಪಾರ್ಕಿನತ್ತ ನಡೆದೆವು. ದೂರವೇನಿಲ್ಲ, ಎರಡು ಕಿಲೋಮೀಟರ್ ಆದೀತು. ಆದರೆ ಸಾವಿರಾರು ಜನ ಒಟ್ಟಿಗೆ ನಡೆದರೆ ಅದಕ್ಕೇ ಒಂದೂವರೆ ತಾಸು. ಬಿಸಿಲು ಏರುವ ಹೊತ್ತಿಗೆ ಶೇಷಾದ್ರಿ ರಸ್ತೆಯ ಮೇಲೆ ಕುಳಿತುಬಿಟ್ಟೆವು.

ಫ್ರೀಡಂ ಪಾರ್ಕ್ ಮೊದಲು ಸೆಂಟ್ರಲ್ ಜೈಲು. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅವರನ್ನು ಇಟ್ಟಿದ್ದು ಅಲ್ಲೇ. ಅಂಗನವಾಡಿ ಶುರುವಾದದ್ದೂ ಆ ಜೈಲು ತುಂಬಿದ್ದೂ ಒಂದೇ ವರ್ಷ, 1975. ಇದನ್ನು ನಮ್ಮ ಜಿಲ್ಲೆಯ ಮುಖಂಡೆಯೊಬ್ಬರು ಅಲ್ಲೇ ಕುಳಿತು ಹೇಳಿದಾಗ ನಾನು ತಲೆ ಎತ್ತಿ ಹಳೆಯ ಗೋಡೆಯನ್ನು ಬಹಳ ಹೊತ್ತು ನೋಡಿದೆ.

ಸಂಜೆಯಾದರೂ ಸರ್ಕಾರದಿಂದ ಒಪ್ಪುವಂಥ ಮಾತು ಬರಲಿಲ್ಲ. ಎದ್ದು ಹೋದರೆ ಮತ್ತೆ ಇಷ್ಟು ಜನ ಸೇರುವುದು ಯಾವಾಗ ಅಂತ ಎಲ್ಲರ ಬಾಯಲ್ಲೂ ಅದೇ. ಇಲ್ಲೇ ಇರುವುದು ಅಂತಾಯಿತು. ಮನೆಗೆ ಫೋನ್ ಮಾಡಿದೆ. ಗಂಡ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹುಡುಗಗ ಪರೀಕ್ಷೆ ಐತಲ್ಲ’ ಅಂದರು. ‘ನೀವ ನೋಡ್ಕೋರಿ’ ಅಂದೆ. ಅಷ್ಟರಲ್ಲಿ ಫೋನಿನ ಚಾರ್ಜ್ ಹೋಯಿತು. ಅವರ ನಂಬರ್ ಬಿಟ್ಟರೆ ಇನ್ನೊಂದು ನಂಬರ್ ನನಗೆ ಬಾಯಿಗೆ ಬರುತ್ತಿರಲಿಲ್ಲ. ಈಗ ಹೊರಡುವವರಿಗೆಲ್ಲ ಹೇಳುತ್ತೇನೆ: ಐದು ನಂಬರ್ ಕಾಗದದ ಮೇಲೆ ಬರೆದು ಸಂಚಿಯಲ್ಲಿ ಇಟ್ಟುಕೊಳ್ಳಿ. ಊರಿಗೆ ಮರಳುವ ಪ್ರಯಾಣದ ದುಡ್ಡನ್ನು ಬೇರೆ ಮಡಚಿ ಇಡಿ, ಏನೇ ಆದರೂ ಅದನ್ನು ಮುಟ್ಟಬೇಡಿ. ವಾಪಸ್ ಟಿಕೆಟ್ ಮೊದಲೇ ಮಾಡಿಸಬೇಡಿ, ಯಾವ ದಿನ ಎದ್ದು ಬರುತ್ತೀರಿ ಅನ್ನುವುದು ನಿಮ್ಮ ಕೈಯಲ್ಲಿ ಇರುವುದಿಲ್ಲ.

ರಾತ್ರಿ ಟಾರು ರಸ್ತೆ ಹನ್ನೆರಡರ ತನಕ ಬೆಚ್ಚಗೆ ಇರುತ್ತದೆ. ಅದು ಮೊದಲು ಹಿತ ಅನ್ನಿಸಿತು. ಎರಡು ಗಂಟೆಯ ಮೇಲೆ ಅದೇ ರಸ್ತೆ ತಣ್ಣಗಾಗಿ ಬೆನ್ನಿನ ಮೂಳೆಗೆ ಇಳಿಯಿತು. ಬ್ಯಾನರ್ ಬಟ್ಟೆ ಹಾಸಿದವರು, ಪೇಪರ್ ಹಾಸಿದವರು, ಚಪ್ಪಲಿಯನ್ನೇ ತಲೆದಿಂಬು ಮಾಡಿಕೊಂಡವರು. ನನ್ನ ಪಕ್ಕದಲ್ಲಿ ಎಂಟು ತಿಂಗಳ ಕೂಸಿನೊಂದಿಗೆ ಬಂದಿದ್ದ ಹುಡುಗಿ ಕೂತೇ ಇದ್ದಳು, ಮಲಗಲಿಲ್ಲ. ಬೀದಿದೀಪ ಕಣ್ಣಿಗೆ ಹೊಡೆಯುತ್ತಿದ್ದರಿಂದ ಕೂಸಿನ ಮುಖದ ಮೇಲೆ ಸೆರಗು ಹಿಡಿದುಕೊಂಡಿದ್ದಳು. ಕೈ ಸೋತಾಗ ನಾನು ಹಿಡಿದೆ. ಒಂದು ಹಳೆಯ ಕೌದಿ ಇದ್ದಿದ್ದರೆ ಅಂತ ಆ ರಾತ್ರಿ ಎಷ್ಟು ಸಲ ಅಂದುಕೊಂಡೆನೋ. ಮನೆಯಲ್ಲಿ ನಾಲ್ಕು ಕೌದಿ ಇದ್ದವು.

ಇಷ್ಟೆಲ್ಲ ತಡೆದುಕೊಳ್ಳಬಹುದು. ಬಿಸಿಲು, ಚಳಿ, ಸೊಳ್ಳೆ, ಹಸಿವು, ನಮ್ಮ ಹೆಂಗಸರಿಗೆ ಯಾವುದೂ ಹೊಸದಲ್ಲ. ನಮ್ಮನ್ನು ಹಣ್ಣು ಮಾಡಿದ್ದು ಒಂದೇ ಒಂದು, ಮೂತ್ರಕ್ಕೆ ಹೋಗಲು ಜಾಗ.

ಸಾವಿರಾರು ಹೆಂಗಸರು, ಕೈಬೆರಳಲ್ಲಿ ಎಣಿಸುವಷ್ಟು ಶೌಚಾಲಯ. ದುಡ್ಡು ಕೊಟ್ಟು ಹೋಗುವ ಕಡೆ ರಸ್ತೆಯ ತನಕ ಸಾಲು. ಮುಕ್ಕಾಲು ತಾಸು ನಿಂತರೆ ಬಾಗಿಲು ಸಿಗುತ್ತಿತ್ತು, ಒಳಗೆ ನೀರು ಇರುವ ಖಾತ್ರಿ ಇಲ್ಲ. ಒಂದು ಸಲಕ್ಕೆ ಐದು ರೂಪಾಯಿ. ದಿನಕ್ಕೆ ನೂರು ರೂಪಾಯಿ ಗೌರವಧನದ ಸಹಾಯಕಿ ಐದೈದು ರೂಪಾಯಿ ಎಷ್ಟು ಸಲ ಕೊಟ್ಟಾಳು? ಗಂಡಸರಾದರೆ ಗೋಡೆ ಹುಡುಕುತ್ತಾರೆ. ನಾವು ನಸುಕಿನ ನಾಲ್ಕು ಗಂಟೆಗೆ ಎದ್ದು ಮೂವರು ನಾಲ್ವರು ಸೇರಿ, ಒಬ್ಬರಿಗೊಬ್ಬರು ಸೀರೆ ಅಡ್ಡ ಹಿಡಿದು, ನಿಂತ ವಾಹನಗಳ ಮರೆಯಲ್ಲಿ ಕುಳಿತೆವು. ಇದನ್ನು ಬರೆಯಲು ನನಗೆ ಈಗಲೂ ಕೈ ಹಿಂಜರಿಯುತ್ತದೆ. ಊರಿನ ಮಕ್ಕಳಿಗೆ ಕೈ ತೊಳೆಯುವುದು, ಶೌಚದ ಶುಚಿ ಕಲಿಸುವವಳು ನಾನು. ಮುಟ್ಟಾದವರ ಕಷ್ಟ ಇನ್ನೂ ಬೇರೆ. ನಮ್ಮ ಗುಂಪಿನಲ್ಲೇ ಮೂವರಿದ್ದರು. ಒಬ್ಬಾಕೆ ಇಡೀ ದಿನ ಎದ್ದೇಳದೆ ಕೂತಲ್ಲೇ ಕೂತಿದ್ದಳು. ಯಾಕೆ ಅಂತ ಸಂಜೆ ಗೊತ್ತಾಯಿತು.

ಆಗ ನಾವೆಲ್ಲ ಮಾಡಿದ್ದು ಒಂದೇ ಉಪಾಯ. ಯಾರೂ ಯಾರಿಗೂ ಹೇಳಿಕೊಡಲಿಲ್ಲ, ತಾವೇ ಕಂಡುಕೊಂಡರು: ನೀರು ಕುಡಿಯುವುದನ್ನು ಬಿಟ್ಟೆವು.

ನೀರಿಗೆ ಬರ ಇರಲಿಲ್ಲ. ಬೆಂಗಳೂರಿನ ಎಷ್ಟೋ ಜನ ಬಾಟಲಿ, ಬಾಳೆಹಣ್ಣು, ಅನ್ನದ ಪೊಟ್ಟಣ ತಂದು ಕೊಟ್ಟರು. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರು ಸಿಟ್ಟಿನಲ್ಲಿ ಬೈದದ್ದೂ ಉಂಟು, ಅವರ ಕಷ್ಟವೂ ಕಷ್ಟವೇ. ಆಂಬುಲೆನ್ಸ್ ಸದ್ದು ಕೇಳಿದರೆ ನಾವು ಎದ್ದು ದಾರಿ ಬಿಡುತ್ತಿದ್ದೆವು. ಕೊಟ್ಟ ಬಾಟಲಿಗಳನ್ನು ಇಸಿದುಕೊಂಡು, ಕೈಮುಗಿದು, ಪಕ್ಕಕ್ಕೆ ಇಡುತ್ತಿದ್ದೆವು. ಖಡಕ್ ರೊಟ್ಟಿ, ಹಿಂಡಿ ತಿಂದರೆ ಗಂಟಲು ಒಣಗುತ್ತದೆ, ನೀರು ಬೇಡುತ್ತದೆ. ಒಂದು ಗುಟುಕು ಬಾಯಲ್ಲಿ ಹಾಕಿ ಮುಕ್ಕಳಿಸಿ ಅಷ್ಟನ್ನೇ ನುಂಗುವುದು. ದೊಡ್ಡವ್ವನಿಗೆ ಕೊಟ್ಟ ಒಂದು ಲೀಟರಿನ ಬಾಟಲಿ ಮಂಗಳವಾರ ಬೆಳಿಗ್ಗೆ ಸಿಕ್ಕಿದ್ದು, ಬುಧವಾರವೂ ಮುಕ್ಕಾಲು ಹಾಗೇ ಇತ್ತು. ಅದನ್ನು ನಾನು ಕಂಡಿದ್ದೆ. ಕಂಡೂ ಏನೂ ಅನ್ನಲಿಲ್ಲ, ಯಾಕೆಂದರೆ ನನ್ನದೂ ಹಾಗೇ ಇತ್ತು.

ಬುಧವಾರ ಮಧ್ಯಾಹ್ನ ಘೋಷಣೆ ಕೂಗುತ್ತಿದ್ದ ದೊಡ್ಡವ್ವ ನಡುವೆ ನಿಲ್ಲಿಸಿದಳು. ತಿರುಗಿ ನೋಡಿದೆ. ಎತ್ತಿದ ಕೈ ಹಾಗೇ ಮೇಲಿತ್ತು, ಮುಖದಲ್ಲಿ ಬಣ್ಣ ಇರಲಿಲ್ಲ. ‘ಅಕ್ಕಾರ, ಕಣ್ಣಿಗೆ ಕತ್ತಲ ಬರಾಕತ್ತೈತಿ’ ಅಂದವಳೇ ನನ್ನ ತೊಡೆಯ ಮೇಲೆ ಕುಸಿದಳು. ಮೈ ಕಾದ ಹಂಚಿನ ಹಾಗೆ. ತುಟಿ ಸೀಳಿ ಬಿಳಿಚಿಕೊಂಡಿತ್ತು, ನಾಲಿಗೆ ಒಣಗಿ ಮಾತು ತೊದಲುತ್ತಿತ್ತು. ನನ್ನ ಕೈಕಾಲು ಆಡಲಿಲ್ಲ. ಯಾರೋ ಸೆರಗು ಒದ್ದೆ ಮಾಡಿ ಮುಖ ಒರೆಸಿದರು, ಯಾರೋ ಬೀಸಿದರು. ಸಂಘದ ಹುಡುಗರು ಆಂಬುಲೆನ್ಸ್ ತಂದರು. ಅದಕ್ಕೂ ಮೊದಲು ಆ ಮೂರು ದಿನದಲ್ಲಿ ಎಷ್ಟೋ ಜನ ಹಾಗೆ ತಲೆಸುತ್ತಿ ಬಿದ್ದವರನ್ನು ನಾನು ಕಂಡಿದ್ದೆ. ನಮ್ಮವಳಿಗೆ ಆಗುತ್ತದೆ ಅಂತ ಮಾತ್ರ ಅಂದುಕೊಂಡಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸಲೈನ್ ಹಚ್ಚಿ, ‘ಯೂರಿನ್‌ಗೆ ಹೋಗಿ ಎಷ್ಟೊತ್ತಾಯ್ತಮ್ಮ?’ ಅಂತ ಕೇಳಿದರು. ದೊಡ್ಡವ್ವ ಕಣ್ಣು ಮುಚ್ಚಿಕೊಂಡೇ, ‘ನಿನ್ನಿ ನಸುಕಿನ್ಯಾಗ’ ಅಂದಳು. ಡಾಕ್ಟರು ಪೆನ್ನು ಕೆಳಗಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, ‘ನೀವು?’ ಅಂದರು. ನಾನೂ ಹೇಳಿದೆ. ಮೈಯಲ್ಲಿ ನೀರು ಬತ್ತಿದೆ, ಮೂತ್ರದ ಸೋಂಕು ಆಗಿದೆ, ಈ ವಯಸ್ಸಿನಲ್ಲಿ ಇದು ಮೂತ್ರಪಿಂಡಕ್ಕೆ ಹೋದರೆ ಕಷ್ಟ ಅಂತ ತಿಳಿಸಿ ಹೇಳಿದರು. ರಾತ್ರಿ ಇಲ್ಲೇ ಇರಲಿ ಅಂದರು. ಎರಡು ಬಾಟಲಿ ಸಲೈನ್ ಮುಗಿದ ಮೇಲೆ ದೊಡ್ಡವ್ವ ಎದ್ದು ಕೂತಳು. ‘ಅಷ್ಟ ಮಂದಿ ರಸ್ತೆದಾಗ ಬಿದ್ದಾರ. ನಾ ಒಬ್ಬಾಕಿ ಮಂಚದ ಮ್ಯಾಲ ಮಲಗಲೇನು?’ ಎಷ್ಟು ಹೇಳಿದರೂ ಕೇಳಲಿಲ್ಲ. ಸಹಿ ಮಾಡಿ ಕರೆತಂದೆ. ಕರೆತರಬಾರದಿತ್ತು. ಆ ವಿಷಯದಲ್ಲಿ ನನಗೆ ಈಗಲೂ ಸಮಾಧಾನ ಇಲ್ಲ. ಹೋರಾಟಕ್ಕೆ ಹೋದವರು ಡಾಕ್ಟರು ಇರು ಅಂದರೆ ಇರಬೇಕು. ಒಬ್ಬರು ಎದ್ದುಹೋದರೆ ಧರಣಿ ಕೆಡುವುದಿಲ್ಲ.

ಆ ಸಂಜೆ ಒಂದು ಉಪಕಾರವಾಯಿತು. ಆಸ್ಪತ್ರೆಯಿಂದ ಮರಳುವಾಗ ಹತ್ತಿರದ ಒಂದು ಓಣಿಯಲ್ಲಿ ದೊಡ್ಡವ್ವ ಸೋತು ಒಂದು ಮನೆಯ ಮೆಟ್ಟಿಲ ಮೇಲೆ ಕೂತಳು. ಒಳಗಿಂದ ವಯಸ್ಸಾದ ತಾಯಿಯೊಬ್ಬರು ಬಂದರು. ಎಬ್ಬಿಸುತ್ತಾರೆ ಅಂದುಕೊಂಡೆ. ಅವರು ನಮ್ಮ ಕೊರಳಿನಲ್ಲಿದ್ದ ಸಂಘದ ಕೆಂಪು ಪಟ್ಟಿ ನೋಡಿ, ‘ರೋಡಲ್ಲಿ ಕೂತಿರೋರಾ? ಬಾತ್‌ರೂಮಿಗೆ ಹೋಗ್ಬೇಕಾ?’ ಅಂತ ನೇರವಾಗಿ ಕೇಳಿದರು. ಮೂರು ದಿನದಲ್ಲಿ ಆ ಮಾತನ್ನು ಬಾಯಿಬಿಟ್ಟು ಕೇಳಿದವರು ಅವರೊಬ್ಬರೇ. ಅನ್ನ ಕೊಟ್ಟವರಿದ್ದರು, ಬಾಗಿಲು ತೆರೆದವರು ಇವರು. ಒಂದು ಬಕೆಟ್ ಬಿಸಿನೀರು ತುಂಬಿಸಿ ಕೊಟ್ಟರು, ಹೊಸ ಸೋಪು ಒಡೆದು ಕೊಟ್ಟರು. ದೊಡ್ಡವ್ವ ಒಳಗೆ ಹೋದಳು. ಹೊರಗೆ ನಿಂತ ನನಗೆ ತಂಬಿಗೆಯ ಸದ್ದು, ನೀರು ಬೀಳುವ ಸದ್ದು ಕೇಳುತ್ತಿತ್ತು. ಅವಳು ಅಳುತ್ತಿದ್ದದ್ದೂ ಕೇಳಿಸಿತು. ನನ್ನ ಸರದಿ ಬಂದಾಗ ಬಾಗಿಲು ಹಾಕಿಕೊಂಡು, ಚಿಲಕವನ್ನು ಕೈಯಲ್ಲಿ ಹಿಡಿದು, ಒಂದು ನಿಮಿಷ ಸುಮ್ಮನೆ ನಿಂತೆ. ಚಿಲಕ ಇರುವ ಬಾಗಿಲು. ‘ಇನ್ನೂ ಯಾರಾದ್ರೂ ಇದ್ರೆ ಕಳ್ಸಮ್ಮ’ ಅಂದರು ಆ ತಾಯಿ. ರಾತ್ರಿ ಒಂಬತ್ತರ ತನಕ ಐದೈದು ಜನರಂತೆ ನಮ್ಮ ಜಿಲ್ಲೆಯವರನ್ನು ಕಳಿಸಿದೆ. ಅವರ ಹೆಸರು ನಾನು ಕೇಳಲಿಲ್ಲ.

ಅಲ್ಲಿಂದ ಬಂದು ನಾವು ಹೊಟ್ಟೆ ತುಂಬ ನೀರು ಕುಡಿದೆವು.

ಗುರುವಾರ, ನಾಲ್ಕನೆಯ ದಿನ, ಮುಖ್ಯಮಂತ್ರಿ ಸಿದ್ದರಾಮಯ್ಯನವರು ಉಪಚುನಾವಣೆ ಮುಗಿದ ಮೇಲೆ ಏಪ್ರಿಲ್‌ನಲ್ಲಿ ಸಭೆ ಕರೆಯುವುದಾಗಿ ಭರವಸೆ ಕೊಟ್ಟರು. ಧರಣಿ ಮುಗಿಯಿತು. ಏಪ್ರಿಲ್‌ನಲ್ಲಿ ಕಾರ್ಯಕರ್ತೆಯರಿಗೆ 8,000, ಸಹಾಯಕಿಯರಿಗೆ 4,000 ಆಯಿತು. ಹತ್ತು ಸಾವಿರ ಆಗಲಿಲ್ಲ. ಆದರೆ ಬಜೆಟ್ಟಿನಲ್ಲಿ ಬರೆದದ್ದರ ಮೇಲೆ ಬಂದ ಒಂದು ಸಾವಿರ, ಐನೂರು ಆ ರಸ್ತೆಯಲ್ಲಿ ಮಲಗಿ ತಂದದ್ದು. ಊರಿಗೆ ಬಂದ ಮೇಲೆ ನನಗೂ ಜ್ವರ, ಉರಿಮೂತ್ರ. ಇಪ್ಪತ್ತು ದಿನ ಮಾತ್ರೆ ನುಂಗಿದೆ. ಡಾಕ್ಟರಿಗೆ, ಔಷಧಕ್ಕೆ ಸಾವಿರದ ಎಂಟುನೂರು ಹೋಯಿತು. ನಮ್ಮ ತಾಲೂಕಿನಲ್ಲಿ ಅದೇ ಕಾಯಿಲೆ ಬಿದ್ದವರು ಎಷ್ಟು ಮಂದಿ ಅಂತ ಯಾವ ವರದಿಯಲ್ಲೂ ಬಂದಿಲ್ಲ. ಹೆಂಗಸರು ಅದನ್ನು ಹೇಳಿಕೊಳ್ಳುವುದೂ ಇಲ್ಲ.

ಆಮೇಲೆ ಎಷ್ಟೋ ಸಲ ಧರಣಿಗೆ ಹೋಗಿದ್ದೇನೆ. ಈಗ ರಸ್ತೆಯ ಮೇಲೆ ಕೂರುವಂತಿಲ್ಲ. 2021ರ ಆದೇಶದ ಮೇಲೆ ಬೆಂಗಳೂರಿನಲ್ಲಿ ಧರಣಿ ಅಂದರೆ ಫ್ರೀಡಂ ಪಾರ್ಕಿನಲ್ಲೇ, ಅದಕ್ಕೂ ಪೊಲೀಸರ ಅನುಮತಿ ಮೊದಲೇ ಬೇಕು. ಸಂಘದವರು ಅದನ್ನು ನೋಡಿಕೊಳ್ಳುತ್ತಾರೆ. ನಾವು ನೋಡಿಕೊಳ್ಳಬೇಕಾದದ್ದು ನಮ್ಮ ಮೈಯನ್ನು. ಇಳಿದ ಕೂಡಲೇ ಸ್ಟೇಷನ್ನಿನಲ್ಲೇ ಶೌಚ, ಸ್ನಾನ ಮುಗಿಸಿ ಹೊರಗೆ ಬನ್ನಿ. ಕೂರುವ ಮೊದಲು ಇಬ್ಬರು ಹೋಗಿ ಸುತ್ತ ಎಲ್ಲೆಲ್ಲಿ ಶೌಚಾಲಯ ಇದೆ, ಎಷ್ಟು ಹೊತ್ತಿಗೆ ಬೀಗ ಹಾಕುತ್ತಾರೆ ನೋಡಿಕೊಂಡು ಬರಲಿ. ನಮ್ಮ ಗುಂಪಿನಲ್ಲಿ ತಲೆಗೆ ಐವತ್ತು ರೂಪಾಯಿ ಹಾಕಿ ಅದಕ್ಕೇ ಅಂತ ಚಿಲ್ಲರೆ ಇಡುತ್ತೇವೆ, ಸಹಾಯಕಿಯರಿಂದ ತೆಗೆದುಕೊಳ್ಳುವುದಿಲ್ಲ. ಸರದಿ ಬಂದಾಗ ಹೋಗಲೇಬೇಕು, ಬೇಕೆನಿಸಲಿ ಬಿಡಲಿ. ಓಆರ್‌ಎಸ್ ಪುಡಿ ನಮ್ಮ ಕೇಂದ್ರದ ತಾಯಂದಿರಿಗೆ ಹೇಗೆ ಕಲಸಬೇಕು ಅಂತ ಹೇಳಿಕೊಡುವವರು ನಾವೇ, ನಮ್ಮ ಚೀಲದಲ್ಲೂ ಇರಲಿ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಒಂದು ದಿನಕ್ಕೆ ಹೊರಟರೂ ಒಂದು ವಾರದ್ದು. ಬ್ಯಾನರಿನ ಕಡೆ ಬೆರಳು ತೋರಿಸಿ ಹೊಸಬರಿಗೆ ಹೇಳಿಬಿಡಿ, ತಪ್ಪಿಸಿಕೊಂಡರೆ ಇಲ್ಲಿಗೇ ಬಾ ಅಂತ. ರಾತ್ರಿ ಯಾರೂ ಒಬ್ಬರೇ ಎದ್ದು ಹೋಗಬಾರದು. ಬಾಟಲಿಯ ಮೇಲೆ ಪೆನ್ನಿನಿಂದ ಗೆರೆ ಎಳೆದು ಕೊಡುತ್ತೇನೆ, ಮಧ್ಯಾಹ್ನಕ್ಕೆ ಇಷ್ಟು, ಸಂಜೆಗೆ ಇಷ್ಟು ಅಂತ. ಮಕ್ಕಳ ತೂಕ ನೋಡುವ ಹಾಗೆ ನಾನೇ ಹೋಗಿ ನೋಡುತ್ತೇನೆ.

ದೊಡ್ಡವ್ವ ಅರವತ್ತಕ್ಕೆ ನಿವೃತ್ತಳಾದಳು. ಅಷ್ಟು ವರ್ಷದ ದುಡಿತಕ್ಕೆ ಗ್ರಾಚ್ಯುಟಿ ಅಂತ ಕೈಗೆ ಏನೂ ಬರಲಿಲ್ಲ. ಅಂಗನವಾಡಿಯವರಿಗೂ ಗ್ರಾಚ್ಯುಟಿ ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2022ರ ಏಪ್ರಿಲ್‌ನಲ್ಲಿ. ಅದನ್ನು ಕೇಳಲು 2023ರ ಜನವರಿಯಲ್ಲಿ ನಾವು ಮತ್ತೆ ಬೆಂಗಳೂರಿಗೆ ಹೊರಟೆವು. ಮಂಡಿ ಪೂರ್ತಿ ಹೋಗಿದ್ದರಿಂದ ಅವಳಿಗೆ ಬರಲು ಆಗಲಿಲ್ಲ. ಮೊಮ್ಮಗನ ಬೈಕಿನ ಹಿಂದೆ ಕೂತು ಕೊಪ್ಪಳ ಸ್ಟೇಷನ್ನಿಗೆ ಬಂದಳು. ಕಂಕುಳಲ್ಲಿ ಒಂದು ಕೌದಿ, ಕೈಯಲ್ಲಿ ಎರಡು ಲೀಟರಿನ ಬಾಟಲಿ, ಮುಚ್ಚಳದ ತನಕ ತುಂಬಿಸಿದ್ದು. ರೈಲಿನ ಕಿಟಕಿಯಿಂದ ಎರಡನ್ನೂ ಒಳಗೆ ಕೊಟ್ಟು, ಕಂಬಿ ಹಿಡಿದುಕೊಂಡು ನಿಂತಳು.

‘ನಾಚಬ್ಯಾಡ್ರಿ ಅಕ್ಕಾರ’ ಅಂದಳು. ‘ಯಾರ ಮನಿ ಬಾಗಿಲಾದ್ರೂ ಬಡೀರಿ.’

ರೈಲು ಹೊರಟಿತು. ಗದ್ದಲದಲ್ಲಿ ಅವಳು ಕೂಗಿದ್ದು ಕೇಳಿಸಲಿಲ್ಲ, ಹೆಬ್ಬೆರಳನ್ನು ಬಾಯಿಯ ಕಡೆ ಎತ್ತಿ ತೋರಿಸಿದ್ದು ಕಂಡಿತು. ನಾನು ಬಾಟಲಿಯ ಮುಚ್ಚಳ ತೆಗೆದು, ಅವಳಿಗೆ ಕಾಣುವ ಹಾಗೆ ಎತ್ತಿ ಕುಡಿದೆ.